ಮಣ್ಣಿಗೆ ಹೋಗುವ ಈಬತ್ತಿ

ಲಾತೂರಿನ ಪ್ರಯೋಗಾಲಯವೊಂದರಲ್ಲಿ ಗೋಧಿ ಹಿಟ್ಟನ್ನು ಸುಡುವುದು ನನ್ನ ಕೆಲಸಗಳಲ್ಲಿ ಒಂದು. ಪಿಂಗಾಣಿಯ ಸಣ್ಣ ಮೂಸೆಯಲ್ಲಿ ಹಿಟ್ಟು ಹಾಕಿ ಬಿಸಿ ಮಾಡಿದರೆ ಮೊದಲು ಅದು ಕರಿದಾಗುತ್ತದೆ, ರೊಟ್ಟಿ ಹೊತ್ತಿದ ವಾಸನೆ ಬರುತ್ತದೆ. ಆಮೇಲೆ ಕುಲುಮೆಯೊಳಗೆ ವಾಸನೆಯೂ ಹೋಗಿ, ತಳದಲ್ಲಿ ಒಂದಿಷ್ಟು ಬೂದಿ ಉಳಿಯುತ್ತದೆ. ಅದನ್ನು ತೂಗಿದರೆ ಹಿಟ್ಟಿನಲ್ಲಿ ಮಣ್ಣೋ ಮರಳೋ ಬೆರೆತಿದೆಯೇ ಎಂಬುದು ತಿಳಿಯುತ್ತದೆ. ಕಳೆದ ಮಳೆಗಾಲದ ಒಂದು ಮಧ್ಯಾಹ್ನ ಆರಿದ ಮೂಸೆಯ ಮುಚ್ಚಳ ತೆಗೆದೆ. ಬೂದಿಯ ಬಣ್ಣ ಎಂದಿನಂತಿರಲಿಲ್ಲ. ಅಚ್ಚ ಬಿಳಿಯಲ್ಲ, ಕರಿದೂ ಅಲ್ಲ. ಪಾರಿವಾಳದ ಎದೆಯ ಮೇಲಿರುತ್ತದಲ್ಲ, ಆ ಬಣ್ಣ.

ಈ ಬಣ್ಣವನ್ನು ನಾನು ಎಲ್ಲೋ ನೋಡಿದ್ದೆ...

ಬೂದಿಯನ್ನು ಮುಟ್ಟಬಾರದು ಎಂಬ ನಿಯಮವಿದೆ. ತೂಕ ಮುಗಿದ ಮೇಲೆ ಬೆರಳ ತುದಿಗೆ ತುಸು ಹಚ್ಚಿಕೊಂಡು ಉಜ್ಜಿ ನೋಡಿದೆ. ಅಷ್ಟಕ್ಕೇ, ಔರಾದ ಶಹಾಜನಿಯ ದಾರಿಗೆ ಅಂಟಿಕೊಂಡಿರುವ ನಮ್ಮೂರಿನ ಕೊನೆಯ ಮನೆ, ಅದರ ಅಂಗಳದಲ್ಲಿ ನಿಧಾನವಾಗಿ ಹೊಗೆಯಾಡುತ್ತಿದ್ದ ಕುಳ್ಳಿನ ರಾಶಿ, ಅದರ ಪಕ್ಕದಲ್ಲಿ ಕುಕ್ಕುರುಗಾಲಿನಲ್ಲಿ ಕೂತ ಒಬ್ಬ ಹೆಂಗಸು, ಎಲ್ಲ ಕಣ್ಣ ಮುಂದೆ ಬಂತು.

ನಮ್ಮ ಕಡೆ ವಿಭೂತಿಗೆ ಈಬತ್ತಿ ಎನ್ನುತ್ತೇವೆ. ಅವಳು ಅದನ್ನು ಮಾಡಿ ಮಾರುತ್ತಿದ್ದಳು. ಅದಕ್ಕೇ ಊರಿಗೆಲ್ಲ ಅವಳು ಈಬತ್ತಿ ಆಯಿ, ಅಂದರೆ ಈಬತ್ತಿ ಅಜ್ಜಿ. ಬೇರೆ ಹೆಸರಿದ್ದಿರಬೇಕು. ನಾನು ಕೇಳಲಿಲ್ಲ, ಯಾರೂ ಹೇಳಲಿಲ್ಲ.

ಆಯಿಯ ಹಿತ್ತಲಲ್ಲಿ ಒಂದು ಆಕಳಿತ್ತು. ಬೆಳಗಿನ ಸೆಗಣಿ ನೆಲಕ್ಕೆ ಬೀಳುವ ಮೊದಲೇ ಬುಟ್ಟಿ ಹಿಡಿದು ನಿಲ್ಲುತ್ತಿದ್ದಳು. ನೆಲಕ್ಕೆ ಬಿದ್ದರೆ ಹರಳು ಸೇರುತ್ತದೆ, ಹರಳು ಸೇರಿದರೆ ಹಣೆ ಗೀರುತ್ತದೆ ಎಂಬುದು ಅವಳ ಲೆಕ್ಕಾಚಾರ. ಸೆಗಣಿಯನ್ನು ಉಂಡೆ ಕಟ್ಟಿ, ಒಣಗಿಸಿ, ಹೊಟ್ಟಿನ ನಡುವೆ ಹುಗಿದು ಬೆಂಕಿ ಹಚ್ಚುವಳು. ಬೆಂಕಿ ಉರಿಯಬಾರದು, ಬರೀ ಹೊಗೆಯಾಡುತ್ತಿರಬೇಕು. ಹಾಗೆ ಬೆಂದ ಬೂದಿಯನ್ನು ಹಳೆಯ ಧೋತರದಲ್ಲಿ ಸೋಸಿ, ಗಡಿಗೆಯ ನೀರಿನಲ್ಲಿ ಕದಡಿ ಬಿಡುವಳು. ಬೂದಿ ತಳಕ್ಕಿಳಿದ ಮೇಲೆ ಮೇಲಿನ ನೀರು ಚೆಲ್ಲಿ ಮತ್ತೆ ಹೊಸ ನೀರು. ಮತ್ತೆ ಕದಡುವುದು, ಮತ್ತೆ ಕಾಯುವುದು. ಕೊನೆಗೆ ಉಳಿದ ನುಣ್ಣನೆಯ ಕೆಸರು ಹದಕ್ಕೆ ಬಂದಾಗ ಅಂಗೈಯಲ್ಲಿ ಒತ್ತಿ ಗಟ್ಟಿ ಮಾಡುವಳು. ಪ್ರತಿ ಗಟ್ಟಿಯ ಒಂದು ಮಗ್ಗುಲಲ್ಲಿ ಅವಳ ಕಿರುಬೆರಳಿನ ಸಣ್ಣ ತಗ್ಗು ಇರುತ್ತಿತ್ತು.

ಹೊಸ ಗಟ್ಟಿ ಒಣಗಿದ ದಿನ ಮೊದಲು ತನ್ನ ಹಣೆಗೇ ಹಚ್ಚಿಕೊಂಡು ಬಿಸಿಲಲ್ಲಿ ಕೂರುತ್ತಿದ್ದಳು. ಬೆವರು ಇಳಿಯಬೇಕು, ಹಣೆ ತುರಿಸಬಾರದು. ತುರಿಸಿತೋ, ಆ ಸಲದ್ದೆಲ್ಲ ಬೇವಿನ ಮರದ ಬುಡಕ್ಕೆ ಹೋಗುತ್ತಿತ್ತು. ಆ ಬೇವಿನ ಬುಡ ನನಗೆ ನೆನಪಿದೆ, ಸುತ್ತಲಿನ ಕರಿಮಣ್ಣಿನ ನಡುವೆ ಅದೊಂದೇ ಬೂದಿಬಣ್ಣದ್ದು.

ಅವಳು ಸಿಹಿ ಮಾತಿನವಳೇನಲ್ಲ. ಶ್ರಾವಣಕ್ಕೆಂದು ಮಳೆ ಹಿಡಿಯುವ ಮೊದಲೇ ಬುಟ್ಟಿ ಹೊತ್ತು ಮನೆಮನೆಗೆ ಬರುತ್ತಿದ್ದಳು. ಬಂದವಳೇ ಹೊಸದು ಕೊಡುತ್ತಿರಲಿಲ್ಲ. ಹೋದ ವರ್ಷದ ಗಟ್ಟಿ ತಂದು ತೋರಿಸಬೇಕಿತ್ತು. ದೇವರ ಜಗಲಿಯಿಂದ ಅದನ್ನು ತರುವುದು ನನ್ನ ಪಾಲಿನ ಕೆಲಸ. ಅದನ್ನು ತಿರುಗಿಸಿ ತಿರುಗಿಸಿ ನೋಡಿ, ಮೂಲೆ ಉದುರಿದ್ದರೆ ತನ್ನ ಬುಟ್ಟಿಗೆ ಹಾಕಿಕೊಳ್ಳುವಳು. ಮನೆಗೆ ಒಯ್ದು ಮತ್ತೆ ನೆನೆಸಿ, ಒತ್ತಿ, ಒಣಗಿಸಿ ತಂದುಕೊಡುವಳು. ಅದಕ್ಕೆ ಏನೂ ತೆಗೆದುಕೊಳ್ಳುತ್ತಿರಲಿಲ್ಲ. ಆದರೆ ಬೈಗುಳ ಖಾತ್ರಿ. ಒಂದು ಸಲ ಗಟ್ಟಿ ನಡುವೆ ಬಿರುಕು ಬಿಟ್ಟಿದ್ದನ್ನು ಅವ್ವ ಸಂಕೋಚದಿಂದ ಹೇಳಿರಲಿಲ್ಲ.

"ಒಡದದ್ದು ಹೇಳಾಕ ನಾಚಿಕಿ ಏನು ನಿಂಗ?" ಎಂದು ಆಯಿ ಹೊಸಿಲಲ್ಲೇ ಕೂತುಬಿಟ್ಟಳು. "ನೀ ಹೇಳಲಿಲ್ಲಂದ್ರ ನಂಗ ಹ್ಯಾಂಗ ತಿಳೀಬೇಕು? ಮುಂದಿನ ವರ್ಷ ಮತ್ತ ಹಂಗೇ ಮಾಡ್ತೀನಿ, ನೀ ಮತ್ತ ಸುಮ್ಮ ಕೂಡ್ತಿ."

ದೂರು ಹೇಳಲಿಲ್ಲವೆಂದು ಗಿರಾಕಿಯನ್ನು ಬೈದ ವ್ಯಾಪಾರಿಯನ್ನು ಆಮೇಲೆ ನಾನು ಎಲ್ಲಿಯೂ ನೋಡಲಿಲ್ಲ.

ಅವಳಿಂದ ತೊಂದರೆಗಳೂ ಇದ್ದವು. ಮಳೆಗಾಲದಲ್ಲಿ ಈಬತ್ತಿ ಸಿಗುತ್ತಿರಲಿಲ್ಲ. ಹದ ಬಂದಿಲ್ಲವೆಂದರೆ ಹಬ್ಬವಿದ್ದರೂ ಕೊಡುತ್ತಿರಲಿಲ್ಲ. ನಿಲಂಗಾದಿಂದ ಯಾರೋ ಮದುವೆಗೆಂದು ಬಂದು ಕೇಳಿದಾಗ, ಇನ್ನೂ ಹಸಿ ಇದೆ ಎಂದು ಬರಿಗೈಯಲ್ಲಿ ಕಳಿಸಿದ್ದಳು. ಅವರು ಸಿಟ್ಟಾಗಿ ಹೋಗಿದ್ದನ್ನು ಊರು ಬಹಳ ದಿನ ಆಡಿಕೊಂಡಿತು. ಮುದುಕಿಗೆ ಸೊಕ್ಕು ಎಂದವರೂ ಇದ್ದರು.

ಅವಳ ಮನೆಯ ಒಳಕೋಣೆಯಲ್ಲಿ ಎರಡು ಹಲಗೆಗಳಿದ್ದವು. ಕೆಳಗಿನ ಹಲಗೆಯ ಮೇಲಿದ್ದವು ಹಣೆಗೆ ಹಚ್ಚುವ ಗಟ್ಟಿಗಳು. ಮೇಲಿನ ಹಲಗೆಯವು ಮಣ್ಣಿಗೆ ಹೋಗುವವು. ನಮ್ಮ ಲಿಂಗವಂತರ ಮನೆಗಳಲ್ಲಿ ಯಾರಾದರೂ ತೀರಿಕೊಂಡರೆ ಕುಳ್ಳಿರಿಸಿ ಮಣ್ಣು ಮಾಡುತ್ತೇವೆ. ದೇಹದ ಸುತ್ತ ಬಿಲ್ವದ ಪತ್ರಿ, ವಿಭೂತಿ ಗಟ್ಟಿಗಳನ್ನು ಇಡುತ್ತೇವೆ. ಒಂದೆರಡು ಸಾಲದು, ಬುಟ್ಟಿಗಟ್ಟಲೆ ಬೇಕು. ಊರಲ್ಲಿ ಸಾವಾಯಿತೆಂದರೆ ಈಬತ್ತಿ ತರಲು ಯಾರೂ ಹೋಗುತ್ತಿರಲಿಲ್ಲ. ಆಯಿಯೇ ಬುಟ್ಟಿ ಹೊತ್ತು ಬರುತ್ತಿದ್ದಳು. ಆ ಮನೆಯವರು ಅವಳ ಗಿರಾಕಿಗಳೋ ಅಲ್ಲವೋ ಎಂದು ನೋಡುತ್ತಿರಲಿಲ್ಲ.

ನನ್ನ ಮುತ್ಯಾ, ಅಪ್ಪನ ತಂದೆ, ತೀರಿಕೊಂಡಾಗಲೂ ಬಂದಿದ್ದಳು. ನಾನು ಆಗ ಊರ ಶಾಲೆಯಲ್ಲಿದ್ದೆ. ತೆಗೆದ ಕುಣಿಯ ಅಂಚಿನಲ್ಲಿ ಮಂಡಿಯೂರಿ, ಒಂದೊಂದೇ ಗಟ್ಟಿಯನ್ನು ಸೆರಗಿನಿಂದ ಒರೆಸಿ ಕೆಳಗಿದ್ದವರ ಕೈಗೆ ಕೊಡುತ್ತಿದ್ದಳು. ಅವು ನಮ್ಮ ಜಗಲಿಯ ಮೇಲಿನವುಗಳಿಗಿಂತ ನುಣುಪಾಗಿದ್ದವು. ಹೆಚ್ಚು ಸಲ ತೊಳೆದ ಬೂದಿಯವು, ನೆರಳಲ್ಲೇ ಒಣಗಿಸಿದವು ಎಂದು ಅಪ್ಪನಿಗೆ ಗೊತ್ತಿತ್ತು. ಮುಂದೆ ಒಮ್ಮೆ ಅಪ್ಪ ಅವಳನ್ನೇ ಕೇಳಿದರು, ಮಣ್ಣಲ್ಲಿ ಮಣ್ಣಾಗುವುದಕ್ಕೆ ಅಷ್ಟು ಕಷ್ಟ ಯಾಕೆ, ಚಲೋವನ್ನು ಹಣೆಗೆ ಕೊಟ್ಟು ಉಳಿದವನ್ನು ಅಲ್ಲಿಗೆ ಕೊಟ್ಟರಾಗದೆ ಎಂದು. ಕೇಳಿದ್ದರಲ್ಲಿ ಕುಚೋದ್ಯವಿರಲಿಲ್ಲ. ರೈತನ ಸಹಜ ಲೆಕ್ಕ.

ಆಯಿ ಬುಟ್ಟಿಯ ಸಿಂಬಿ ಸರಿಮಾಡಿಕೊಳ್ಳುತ್ತ ಹೇಳಿದಳು: "ನಿಂಗ ಖೋಟಾ ಕೊಟ್ರ ನೀ ನಾಳಿ ಬಂದು ನನ್ನ ಸಂಗಾಟ ಜಗಳಾ ತೆಗಿತಿ. ಮಣ್ಣಾಗ ಹೋದಾಂವ ಬರ್ತಾನೇನಪಾ? ಬರೂದಿಲ್ಲ. ಅದಕ್ಕೇ ಅವರಿಗಿ ಚಲೋದು ಕೊಡಬೇಕು."

ಅಷ್ಟೇ. ಹೇಳಿ ಹೊರಟುಹೋದಳು. ಆ ಮಾತನ್ನು ಅಂದು ನಾನು ದೊಡ್ಡದಾಗಿ ತಿಳಿದುಕೊಂಡೆ ಎಂದರೆ ಸುಳ್ಳಾಗುತ್ತದೆ. ಅವಳ ಬುಟ್ಟಿಯಲ್ಲಿ ಇನ್ನೂ ಏನಾದರೂ ಇದೆಯೇ ಎಂದು ನೋಡುತ್ತಿದ್ದೆ, ಕೆಲವೊಮ್ಮೆ ಅವಳು ಬಾರೆಹಣ್ಣು ತರುತ್ತಿದ್ದಳು.

ಈಗ ಆ ಮಾತು ಬೇರೆ ರೀತಿಯಲ್ಲಿ ಕೇಳಿಸುತ್ತದೆ. ನಮ್ಮ ಪ್ರಯೋಗಾಲಯದ ಪ್ರತಿ ವರದಿಯ ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಸಾಲಿರುತ್ತದೆ: ಈ ಫಲಿತಾಂಶ ನಮಗೆ ಕೊಟ್ಟ ಮಾದರಿಗೆ ಮಾತ್ರ ಸಂಬಂಧಿಸಿದ್ದು. ಅದನ್ನು ಯಾರೂ ಓದುವುದಿಲ್ಲ. ಹಿಟ್ಟಿನ ವ್ಯಾಪಾರಿಯೊಬ್ಬ ಮಾದರಿಯ ಪೊಟ್ಟಣವನ್ನು ನನ್ನ ಮೇಜಿನ ಮೇಲಿಡುತ್ತ, ಇದು ಮನೆಗೆ ತೆಗೆದಿಟ್ಟ ಗೋಧಿಯದು ಮೇಡಂ, ಪಾಸಾಗಲೇಬೇಕು ಎಂದು ನಕ್ಕಿದ್ದ. ಪಾಸಾಯಿತು. ಅಂಗಡಿಗೆ ಹೋಗುವ ಚೀಲಗಳಲ್ಲಿ ಏನಿತ್ತೋ ನನಗೆ ಗೊತ್ತಿಲ್ಲ. ಗೊತ್ತು ಮಾಡಿಕೊಳ್ಳುವುದು ನನ್ನ ಕೆಲಸದ ಮಿತಿಯಲ್ಲಿಲ್ಲ. ಗಿರಾಕಿಯಾಗಿಯೂ ನನಗೆ ಇದೇ ಅನುಭವ. ಹೋದ ವರ್ಷ ಕೊಂಡ ಮಿಕ್ಸರ್ ಎರಡನೇ ವಾರಕ್ಕೇ ಸುಟ್ಟ ವಾಸನೆ ಬಿಟ್ಟಿತು. ಅಂಗಡಿಯವನು ಕಂಪನಿಗೆ ಫೋನ್ ಮಾಡಿ ಎಂದ. ಕಂಪನಿಯಲ್ಲಿ ಯಂತ್ರವೊಂದು ಹಿಂದಿ, ಮರಾಠಿ, ಇಂಗ್ಲಿಷ್ ಯಾವುದು ಬೇಕೆಂದು ಕೇಳಿ, ಹಾಡು ಹಾಕಿ ಕಾಯಿಸಿತು. ಯಾರೂ ಬರಲಿಲ್ಲ. ಆದರೆ ನಿಮ್ಮ ಸಮಸ್ಯೆ ಬಗೆಹರಿದಿದೆ ಎಂಬ ಸಂದೇಶ ಮಾತ್ರ ಬಂತು, ನಮ್ಮ ಸೇವೆಗೆ ಎಷ್ಟು ನಕ್ಷತ್ರ ಕೊಡುತ್ತೀರಿ ಎಂದು ಕೆಳಗೆ ಕೇಳಿತ್ತು. ಹೊಳ್ಳಿ ಬಂದು ಜಗಳ ತೆಗೆಯಬಲ್ಲ ಜೀವಂತ ಗಿರಾಕಿಯ ಗತಿ ಇದು. ಬರಲಾರದವರ ಗತಿ...

ಬಿಳಿ ಗಟ್ಟಿ ನಮ್ಮೂರಿಗೆ ಬಂದದ್ದು ನಾನು ಉದಗೀರಿನಲ್ಲಿ ಕಾಲೇಜು ಸೇರಿದ ಕಾಲಕ್ಕೆ. ಉಮರ್ಗಾದ ಪೂಜಾ ಸಾಮಾನಿನ ಅಂಗಡಿಯಲ್ಲಿ ಸಿಗುತ್ತಿತ್ತು. ಹಾಲಿನಂಥ ಬಿಳುಪು, ಇಟ್ಟಿಗೆಯಂಥ ನಾಲ್ಕು ಮೂಲೆ, ಮೇಲೆ ಹೊಳೆಯುವ ಪ್ಲಾಸ್ಟಿಕ್. ಮಧ್ಯದಲ್ಲಿ ಕಂಪನಿಯ ಹೆಸರು ಅಚ್ಚೊತ್ತಿತ್ತು. ಯಾವ ಹೊತ್ತಿಗೆ ಹೋದರೂ ಸಿಗುತ್ತಿತ್ತು, ಮಳೆಗಾಲದಲ್ಲೂ. ಹಣೆಗೆ ಹಚ್ಚಿದರೆ ಮೂರು ಬೆರಳಿನ ಗೆರೆ ದೂರಕ್ಕೆ ಕಾಣುತ್ತಿತ್ತು, ಮದುವೆಯ ಫೋಟೋದಲ್ಲಿ ಎದ್ದು ಕಾಣುತ್ತಿತ್ತು. ಅದರ ಮುಂದೆ ಆಯಿಯದು ಮಾಸಲು ಎನಿಸಿತು. ಹಾಗೆಂದು ಮೊದಲು ಯಾರು ಅಂದರೋ ತಿಳಿಯದು. ಬೇಗ ಎಲ್ಲರೂ ಅನ್ನತೊಡಗಿದರು. ನಮ್ಮ ಓಣಿಯ ರೈತನೊಬ್ಬ, ಬಾಗಿಲಿಗೆ ಬಂದ ಅವಳನ್ನು ನಿಲ್ಲಿಸಿ, ಪ್ಯಾಕೇಟು ತಂದಿದ್ದೇವೆ, ಇನ್ನು ಮುಂದೆ ಬರುವುದು ಬೇಡ ಎಂದು ಹೇಳಿಬಿಟ್ಟ. ನಮ್ಮ ಮನೆಗೂ ಬಿಳಿಯದು ಬಂತು. ಅವ್ವ ಎರಡನ್ನೂ ಜಗಲಿಯ ಮೇಲಿಟ್ಟುಕೊಂಡಳು, ಆಯಿ ಬರುವ ದಿನ ಬಿಳಿಯದನ್ನು ಒಳಗಿಡುತ್ತಿದ್ದಳು. ಅಪ್ಪನ ಹಣೆಯ ಮೇಲೆ ಆ ವರ್ಷ ಕೆಂಪು ಗಂದೆ ಎದ್ದಿತು. ಬಿಸಿಲಿನದು ಎಂದುಕೊಂಡರು.

ದೀಪಾವಳಿ ರಜೆಗೆ ಊರಿಗೆ ಬಂದಿದ್ದಾಗ ನಾನು ಆಯಿಯ ಕಟ್ಟೆಯ ಮೇಲೆ ಕೂತಿದ್ದೆ. ಉಮರ್ಗಾದ ಅಂಗಡಿಯವನು ಮೋಟಾರ್ ಸೈಕಲ್ಲಿನ ಮೇಲೆ ಬಂದ. ಆಯಿಯ ಮಗ ಹೈದರಾಬಾದಿನ ಲಾರಿಗಳ ಮೇಲೆ ಕೆಲಸಕ್ಕಿದ್ದ, ಅಪರೂಪಕ್ಕೆ ಬರುತ್ತಿದ್ದ. ಮನೆ ನಡೆಸುತ್ತಿದ್ದವಳು ಸೊಸೆ. ನಾನು ಅವಳಿಗೆ ಕಾಕಿ ಎನ್ನುತ್ತಿದ್ದೆ. ಅಂಗಡಿಯವನನ್ನು ಕರೆಸಿದ್ದು ತಾನೇ ಎಂಬುದು ಕಾಕಿಯ ಮುಖದಲ್ಲೇ ಕಾಣುತ್ತಿತ್ತು. ಒಳ್ಳೆಯ ಕಪ್ಪುಗಳಲ್ಲಿ ಚಹಾ ತಂದಳು.

"ಬಘಾ ಆಯಿ," ಎಂದು ಅವನು ಮರಾಠಿಯಲ್ಲಿ ಶುರು ಮಾಡಿ ಕನ್ನಡಕ್ಕೆ ಹೊರಳಿದ. "ನೋಡ್ರಿ, ನೀವು ಏನೂ ಮಾಡೂದು ಬ್ಯಾಡ್ರಿ. ಪ್ಯಾಕೇಟಿನ ಮ್ಯಾಲ ನಿಮ್ಮ ಫೋಟೋ ಹಾಕ್ತೀನಿ. ಮಾಲು ನಾ ತರಸ್ತೀನಿ."

"ನಾ ಏನೂ ಮಾಡೂದಿಲ್ಲಂದ್ರ ನನ್ನ ಮಾರಿ ಯಾಕ ಬೇಕೋ ನಿಂಗ?"

"ಗಿರಾಕಿಗಿ ಭರೋಸಾ ಬೇಕಲ್ಲರೀ. ಅಂಗಡ್ಯಾಗ ಮುಂದ ನಿಮ್ಮವೇ ನಾಕು ಗಟ್ಟಿ ಇಟ್ಟಿರ್ತೀನಿ. ಮುಟ್ಟಿ ನೋಡ್ಲಿ, ಮೂಸಿ ನೋಡ್ಲಿ."

"ಅಂದ್ರ ಮುಟ್ಟೂದು ನಂದು, ಮನಿಗಿ ಒಯ್ಯೂದು ನಿಂದು."

ಅವನು ಜೋರಾಗಿ ನಕ್ಕ. ಕೆಟ್ಟವನಂತೆ ಕಾಣುತ್ತಿರಲಿಲ್ಲ. ಎಲ್ಲರೂ ಹೀಗೇ ಮಾಡುತ್ತಾರೆ, ಜನಕ್ಕೆ ಬೇಕಾದ್ದು ಬಿಳುಪು, ತಾನು ಕೊಡದಿದ್ದರೆ ಲೋಹಾರಾದ ಅಂಗಡಿಯವನು ಕೊಡುತ್ತಾನೆ ಎಂದು ವಿವರಿಸಿದ. ಅವನ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ಆಯಿ ಅವನು ತಂದಿದ್ದ ಬಿಳಿ ಗಟ್ಟಿಯನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ತೂಗುತ್ತ ಕೂತಳು. ನಾನು ವಿಜ್ಞಾನ ಓದುವವಳೆಂದು ನನ್ನ ಕಡೆ ತಿರುಗಿ, ಇದು ಯಾತರದು ಎಂದು ಕೇಳಿದಳು. ಸುಣ್ಣದ ಕಲ್ಲಿನ ಪುಡಿಯೋ ಸೀಮೆಸುಣ್ಣದ ಪುಡಿಯೋ ಇರಬಹುದು, ತಪಾಸು ಮಾಡದೆ ಹೇಳಲಾರೆ ಎಂದೆ. ಅಂಗಡಿಯವನು ಅಲ್ಲಗಳೆಯಲಿಲ್ಲ.

ಆಯಿ ಒಪ್ಪುತ್ತಾಳೆಂದೇ ನನಗೆ ಆ ಕ್ಷಣ ಅನಿಸಿತ್ತು. ಬೇಡ ಎಂದಿರಲಿಲ್ಲ. ಒಳಕೋಣೆಯ ಮಾಳಿಗೆ ಸೋರುತ್ತಿತ್ತು, ಹೋದ ಮಳೆಗಾಲದಲ್ಲಿ ಒಂದು ಹಲಗೆಯ ಗಟ್ಟಿಗಳೆಲ್ಲ ತೊಯ್ದು ಕರಗಿದ್ದವು. ಅದನ್ನು ಕಾಕಿ ಮೆಲ್ಲಗೆ ನೆನಪಿಸಿದಳು. ಆಯಿ ತಲೆಯಾಡಿಸಿದಳು. ಆಮೇಲೆ ಅವನನ್ನು ಒಂದೇ ಒಂದು ಮಾತು ಕೇಳಿದಳು.

"ಮಣ್ಣಿಗಿ ಹೋಗಾಕೂ ಇದೇ ಕೊಡ್ತಿಯೇನು?"

"ಸತ್ತವರಿಗಿ ಏನ್ ತಿಳೀತದ್ರೀ ಆಯಿ?"

ಆಯಿ ಗಟ್ಟಿಯನ್ನು ಅವನ ಚೀಲದ ಮೇಲಿಟ್ಟಳು. "ಚಾ ಕುಡದ್ಯಲ್ಲ," ಎಂದಳು. "ಏಳಪಾ. ಹೊತ್ತು ಮುಳಗೂದ್ರಾಗ ಊರು ಮುಟ್ಟು."

ಅವನು ಹೋದ ಮೇಲೆ ಕಾಕಿ ಕಪ್ಪುಗಳನ್ನು ಎತ್ತಿಕೊಳ್ಳಲು ಬಂದಳು. ಎತ್ತಿಕೊಳ್ಳದೆ ಅಲ್ಲೇ ನಿಂತಳು. ಅತ್ತೆಯ ಮುಂದೆ ಅವಳು ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. "ಸತ್ತವರ ಕಾಳಜಿ ಈಟು ಮಾಡ್ತೀರಿ. ಬದುಕಿದವರು ನಾವು ಕಾಣೂದಿಲ್ಲೇನ್ರೀ ನಿಮಗ?"

ಆಯಿ ಎದ್ದು ಕಪ್ಪುಗಳನ್ನು ತಾನೇ ಎತ್ತಿಕೊಂಡು ಒಳಗೆ ಹೋದಳು. ಆಯಿಯನ್ನು ನೆನೆಯುವಾಗ ಕಾಕಿಯ ಆ ಪ್ರಶ್ನೆಯನ್ನು ಬಿಟ್ಟು ನೆನೆಯುವುದು ಸುಲಭ. ಆದರೆ ಅದು ನ್ಯಾಯವಲ್ಲ. ಒಳ್ಳೆಯ ಮಾಲಿನ ಬೆಲೆಯನ್ನು ಕೊಂಡವರು ಕೊಡದಿದ್ದಾಗ ಅದನ್ನು ಯಾರೋ ಒಬ್ಬರು ಮನೆಯೊಳಗೆ ಕೊಡುತ್ತಿರುತ್ತಾರೆ. ಆ ಮನೆಯಲ್ಲಿ ಕೊಟ್ಟವಳು ಕಾಕಿ.

ಅಲ್ಲಿಂದ ಮುಂದೆ ಆಯಿ ಮನೆಮನೆಗೆ ಹೋಗುವುದನ್ನು ನಿಲ್ಲಿಸಿದಳು. ಮೇಲಿನ ಹಲಗೆಗೆ ಮಾತ್ರ ಮಾಡುತ್ತಿದ್ದಳು. ಅದೂ ಕಷ್ಟವಾಯಿತು. ಅವಳ ಆಕಳು ಮುಪ್ಪಾಗಿ ಸತ್ತಿತು. ಹೊಲಗಳಿಗೆ ಟ್ರ್ಯಾಕ್ಟರ್ ಬಂದ ಮೇಲೆ ಊರಲ್ಲಿ ದನಗಳೇ ಕಡಿಮೆ. ಇದ್ದ ದನಗಳು ಸಂತೆಯ ಬದಿಯಲ್ಲಿ ತಿರುಗಿ ಪ್ಲಾಸ್ಟಿಕ್ ಚೀಲ, ಮದುವೆ ಊಟದ ತಟ್ಟೆ ಏನು ಸಿಕ್ಕಿತೋ ಅದನ್ನು ತಿನ್ನುತ್ತಿದ್ದವು. ಅವುಗಳ ಸೆಗಣಿ ಸುಟ್ಟರೆ ಹೊಗೆ ಕಣ್ಣು ಉರಿಸುತ್ತಿತ್ತು, ಬೂದಿಯಲ್ಲಿ ಕರಿ ಗಂಟುಗಳು ಉಳಿಯುತ್ತಿದ್ದವು. ಎಷ್ಟು ತೊಳೆದರೂ ಹೋಗುತ್ತಿರಲಿಲ್ಲ. ರಜೆಗೆ ಹೋದಾಗಲೆಲ್ಲ ಅವಳು ಬೇವಿನ ಬುಡಕ್ಕೆ ಸುರಿಯುತ್ತಿದ್ದುದನ್ನೇ ನೋಡುತ್ತಿದ್ದೆ. ಕೈಯ ಹದ ತಪ್ಪಿತೇನೋ ಎಂದು ತನ್ನ ಅಂಗೈಯನ್ನೇ ನೋಡಿಕೊಳ್ಳುತ್ತಿದ್ದಳು. ಕೈ ತಪ್ಪಿರಲಿಲ್ಲ. ಅದನ್ನು ನಾನು ಹೇಳಿದೆ, ಅವಳು ನಂಬಿದಂತೆ ಕಾಣಲಿಲ್ಲ.

ಕೊನೆಗೆ ಜಳಕೋಟದ ಕಡೆಯ ಒಂದು ಕುರುಬರ ಮನೆಯಿಂದ, ಹೊಲದ ಮೇವು ಮಾತ್ರ ತಿನ್ನುವ ಆಕಳ ಸೆಗಣಿ ತರಿಸಿಕೊಂಡಳಂತೆ. ಬೀರಪ್ಪನ ಭಕ್ತರು ಅವರು, ನಮ್ಮ ಹಾಗೆ ಮಣ್ಣಿಗೆ ಈಬತ್ತಿ ಇಡುವವರಲ್ಲ. ಆದರೂ ಮುದುಕಿಯ ಹಟ ನೋಡಿ, ಕುರಿಗಳೊಂದಿಗೆ ಈ ಕಡೆ ಬರುವಾಗ ಒಣಗಿದ ಉಂಡೆಗಳನ್ನು ಚೀಲದಲ್ಲಿ ತಂದುಕೊಟ್ಟರು. ಅದರಿಂದ ಒಂದು ಬುಟ್ಟಿಯಷ್ಟು ಗಟ್ಟಿ ಆಯಿತು. ಅವು ತನ್ನ ಮಣ್ಣಿಗೆ ಎಂದು ಆಯಿ ಕಾಕಿಗೆ ಹೇಳಿ ಮೇಲಿನ ಹಲಗೆಯ ಮೇಲೆ ಬಟ್ಟೆ ಮುಚ್ಚಿಟ್ಟಳು. ಇನ್ನು ಮಾಡಲು ಅವಳಿಗೆ ಕಣ್ಣೂ ಇರಲಿಲ್ಲ, ಉಸಿರೂ ಇರಲಿಲ್ಲ.

ಆ ಹೊತ್ತಿಗೆ ನಾನು ಲಾತೂರಿನಲ್ಲಿ ಕೆಲಸಕ್ಕೆ ಸೇರಿದ್ದೆ. ಮುಂದಿನದನ್ನು ಕಾಕಿ ನನಗೆ ಹೇಳಿದ್ದು.

ಬೇಸಿಗೆಯ ಒಂದು ಬೆಳಗ್ಗೆ ನಮ್ಮ ಓಣಿಯ ಆ ರೈತ ಹೊಲದಲ್ಲಿ ಹಾವು ಕಡಿದು ತೀರಿಕೊಂಡ. ಬಾಗಿಲಿಗೆ ಬರಬೇಡ ಎಂದಿದ್ದವನು. ವಯಸ್ಸು ನಲವತ್ತೂ ಆಗಿರಲಿಲ್ಲ. ಮನೆಯವರು ಗಟ್ಟಿ ತರಲು ಉಮರ್ಗಾಕ್ಕೆ ಮೋಟಾರ್ ಸೈಕಲ್ ಕಳಿಸಿದರು. ಸುದ್ದಿ ಕೇಳಿದ ಆಯಿ ಗೋಡೆ ಹಿಡಿದುಕೊಂಡು ಎದ್ದು, ಹಲಗೆಯ ಮೇಲಿನ ಬುಟ್ಟಿ ಇಳಿಸಿಕೊಡು ಎಂದಳು. ಕಾಕಿ ಇಳಿಸಲಿಲ್ಲ.

"ಅವು ನಿಮಗಂತ ಇಟ್ಟದ್ದಲ್ಲೇನ್ರೀ?"

"ಹೌದು."

"ಮತ್ತ? ಅಂವಾ ನಿಮ್ಮನ್ನ ಬಾಗಲದಿಂದ ಹೊಳ್ಳಿ ಕಳಿಸಿದಾಂವ ಹಾನ್ರೀ."

"ಕಳಿಸ್ಯಾನ. ಕಳಿಸಲಿ." ಆಯಿ ಸಿಂಬಿ ಸುತ್ತಿಕೊಂಡಳಂತೆ. "ನನಕಿಂತ ಅಂವಾ ಮೊದಲ ಬಂದಾನ. ಮೊದಲ ಬಂದ ಗಿರಾಕಿಗಿ ಮೊದಲ ಕೊಡಬೇಕವ್ವಾ."

ಬುಟ್ಟಿಯನ್ನು ಕಾಕಿಯೇ ಹೊತ್ತಳು. ಆಯಿ ಅವಳ ಭುಜ ಹಿಡಿದು ನಡೆದಳು. ಕುಣಿಯ ಹತ್ತಿರ ಕೂತು, ಕಣ್ಣು ಕಾಣದಿದ್ದರೂ ಒಂದೊಂದನ್ನೇ ಬೆರಳಿನಿಂದ ಸವರಿ ನೋಡಿ ಕೊಟ್ಟಳು. ಉಮರ್ಗಾದಿಂದ ತಂದ ಪ್ಯಾಕೇಟುಗಳು ಬಿಚ್ಚದೆ ಪಕ್ಕದಲ್ಲೇ ಇದ್ದವು. ಸತ್ತವನ ಹೆಂಡತಿ ಆಯಿಯ ಕಾಲು ಮುಟ್ಟಲು ಬಗ್ಗಿದಾಗ ಆಯಿ ತಡೆದು, ಪತ್ರಿ ಸಾಲುತ್ತವೆಯೇ ನೋಡು ಎಂದಳಂತೆ.

ಮಳೆ ಹಿಡಿಯುವ ಮೊದಲೇ ಆಯಿಯೂ ತೀರಿಕೊಂಡಳು.

ಅಪ್ಪ ಫೋನ್ ಮಾಡಿದ ಕೂಡಲೇ ಲಾತೂರಿನಿಂದ ಬಸ್ಸು ಹಿಡಿದು, ನಿಲಂಗಾದಲ್ಲಿ ಇಳಿದು ಇನ್ನೊಂದು ಹಿಡಿದು ಬಂದೆ. ಅಂಗಳದಲ್ಲಿ ಜನ ಸೇರಿದ್ದರು. ಅವಳನ್ನು ಗೋಡೆಗೆ ಆನಿಸಿ ಕೂರಿಸಿದ್ದರು, ಹಣೆಯ ಮೇಲೆ ಬೂದಿಬಣ್ಣದ ಮೂರು ಗೆರೆ, ಹಳೆಯ ಗಟ್ಟಿಯ ಕೊನೆಯ ಚೂರಿನಿಂದ ಎಳೆದದ್ದು ಇದ್ದೀತು. ಭಜನೆ ನಡೆದಿತ್ತು. ಕಾಕಿ ಕಾಣಲಿಲ್ಲ. ಹುಡುಕಿಕೊಂಡು ಹಿತ್ತಲಿಗೆ ಹೋದೆ.

ಕಾಕಿ ಒಗೆಯುವ ಕಲ್ಲಿನ ಪಕ್ಕದಲ್ಲಿ ಕೂತಿದ್ದಳು. ಮುಂದೆ ಉಮರ್ಗಾದಿಂದ ತಂದ ಪ್ಯಾಕೇಟುಗಳ ರಾಶಿ. ಒಂದೊಂದರ ಪ್ಲಾಸ್ಟಿಕ್ ಹರಿದು, ಬಿಳಿ ಗಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು, ಈಳಿಗೆಯ ತುದಿಯಿಂದ ಮಧ್ಯದಲ್ಲಿ ಅಚ್ಚೊತ್ತಿದ್ದ ಕಂಪನಿಯ ಹೆಸರನ್ನು ಕೆರೆಯುತ್ತಿದ್ದಳು. ಕೆಲವು ಗಟ್ಟಿಗಳು ಕೆರೆಯುವಾಗಲೇ ಎರಡಾದವು. ಅವನ್ನು ಬೇರೆ ಇಟ್ಟಳು. ಪುಡಿ ಅವಳ ಸೀರೆಯ ಮೇಲೆ, ಮುಂಗೈ ಮೇಲೆ, ಕಣ್ಣೀರು ಇಳಿದಲ್ಲಿ ಕೆನ್ನೆಯ ಮೇಲೆಲ್ಲ ಅಂಟಿತ್ತು. ನಾನು ಪಕ್ಕದಲ್ಲಿ ಕೂತೆ. ಏನು ಮಾಡಬೇಕೆಂದು ಕೇಳುವ ಅಗತ್ಯ ಬೀಳಲಿಲ್ಲ. ಅಡಿಗೆಮನೆಯಿಂದ ಒಂದು ಚಮಚ ತಂದು ನಾನೂ ಕೆರೆಯತೊಡಗಿದೆ.

"ಬ್ಯಾರೇದವರ ಹೆಸರು ಅಕಿನ ಬಾಜೂಕ ಬ್ಯಾಡ," ಎಂದಳು ಕಾಕಿ.

ಹೆಸರಿಲ್ಲದ ಆ ಗಟ್ಟಿಗಳೇ ಆಯಿಯ ಜೊತೆ ಹೋದವು. ಮಣ್ಣು ಮಾಡುವಾಗ ಯಾರೂ ಅವುಗಳ ಗುಣದ ಮಾತೆತ್ತಲಿಲ್ಲ. ಎತ್ತಬೇಕಾದವಳು ಕೆಳಗೆ ಕೂತಿದ್ದಳು.

ಅವಳು ಹೋಗಿ ಈಗ ಕೆಲವು ವರ್ಷಗಳಾದವು. ಊರಿನಲ್ಲಿ ಎಲ್ಲರ ಜಗಲಿಯ ಮೇಲೂ ಬಿಳಿಯದೇ ಇದೆ. ನಮ್ಮ ಮನೆಯಲ್ಲೂ ಅದೇ. ಅಪ್ಪ ಹಚ್ಚಿಕೊಳ್ಳುವುದನ್ನೇ ಬಿಟ್ಟು, ಜಗಲಿಗೆ ಕೈ ಮುಗಿದು ಎದ್ದುಬಿಡುತ್ತಾರೆ. ಯಾಕೆಂದು ನಾವು ಕೇಳುವುದಿಲ್ಲ.

ಪ್ರಯೋಗಾಲಯದಲ್ಲಿ ಆ ಬೂದಿ ಕಂಡ ಒಂದು ವಾರಕ್ಕೇ ಊರಿಗೆ ಹೋದೆ. ಕಾಕಿ ಈಗ ಶಾಲೆಯಲ್ಲಿ ಮಕ್ಕಳಿಗೆ ಅಡಿಗೆ ಮಾಡುತ್ತಾಳೆ. ನಾನು ಲಾತೂರಿಗೆ ಹೊರಟು ನಿಂತಾಗ, ಕೆಲಸ ಮುಗಿಸಿ ಬರುತ್ತಿದ್ದವಳು ಬಸ್ ನಿಲ್ದಾಣದ ಹತ್ತಿರ ಸಿಕ್ಕಳು. ಹಾಗೇ ಮಾತಿಗೆ ಮಾತು ಬಂದು, ಆಯಿಯ ವಿದ್ಯೆ ಅವಳೊಂದಿಗೇ ಹೋಯಿತಲ್ಲ ಎಂದೆ. ಅದನ್ನು ದುಃಖದಿಂದಲೇ ಹೇಳಿದ್ದೆ. ಕಾಕಿ ನನ್ನನ್ನು ವಿಚಿತ್ರವಾಗಿ ನೋಡಿದಳು.

"ಯಾಕ ಹೋಗ್ತದ? ನಂಗ ಬರ್ತದಲ್ಲ," ಎಂದಳು. "ಅಷ್ಟು ವರ್ಷ ನೀರು ಹೊತ್ತು ಹಾಕಿದಾಕಿ ನಾನೇ. ಸುಡೂದು, ತೊಳಿಯೂದು, ಒತ್ತೂದು, ಎಲ್ಲಾ ಬರ್ತದ."

ಹಾಗಾದರೆ ಯಾಕೆ ಮಾಡುವುದಿಲ್ಲ ಎಂದು ಕೇಳಿದೆ.

"ಮಾಡಿ ಯಾರಿಗಿ ಕೊಡ್ಲಿ? ನೀ ಹೇಳು."

ಸುತ್ತ ಊರಿನ ಮನೆಗಳಿದ್ದವು. ಒಂದು ಮನೆಯ ಹೆಸರನ್ನಾದರೂ ಹೇಳಬೇಕೆಂದು ಓಣಿಗಳನ್ನೆಲ್ಲ ಮನಸ್ಸಿನಲ್ಲೇ ತಿರುಗಿದೆ, ನಮ್ಮ ಮನೆಯಿಂದ ಶುರು ಮಾಡಿ. ಒಂದೂ ಹೆಸರು ಸಿಗುವ ಮೊದಲೇ ನಿಲಂಗಾದ ಬಸ್ಸು ಬಂತು. ಕಾಕಿ ನನ್ನ ಚೀಲ ಎತ್ತಿ ಕೊಟ್ಟಳು. ಕಿಟಕಿಯ ಪಕ್ಕ ಕೂತು ನೋಡಿದಾಗ ಅವಳು ಆಗಲೇ ರಸ್ತೆ ದಾಟಿದ್ದಳು.